ಲಿಯೊಕಾಡಿಯಾಳ ಎರಡನೇ ಸಂಪುಟ

ಭಾನುವಾರ ಬೆಳಿಗ್ಗೆ ಎರಡನೇ ಮಹಡಿಯ ನೆಲಿದಾ ಮೆಟ್ಟಿಲ ಮೇಲೆ ನಿಂತು ಆ ಒಂದು ಮಾತು ಆಡದೆ ಹೋಗಿದ್ದರೆ, ಝುಲ್ಮಾ ಎಂದಿನಂತೆ ಮಧ್ಯಾಹ್ನ ರಾವಿಯೋಲಿ ಕಡುಬು ತಿಂದು, ತಾಯಿಯ ಪಕ್ಕ ಒಂದು ಪುಸ್ತಕ ಹಿಡಿದು ಕೂತು ಸಂಜೆ ಮಾಡಿಬಿಡುತ್ತಿದ್ದಳು. ಆದರೆ ನೆಲಿದಾಳ ಬಾಯಿ ಆ ಕಟ್ಟಡದ ಲಿಫ್ಟಿನ ಹಾಗೆ. ಬೇಡವೆಂದ ಕಡೆಯಲ್ಲೇ ತೆರೆದುಕೊಳ್ಳುತ್ತಿತ್ತು.

"ಝುಲ್ಮಾ, ನಿಮ್ಮಮ್ಮ ಸದಾ ಹೇಳ್ತಿರ್ತಾರಲ್ಲ, ದೋಣಿ ನಡೆಸೋಳ ಕತೆ, ಅದರ ಎರಡನೇ ಸಂಪುಟ ಸಂತೇಲಿ ಇದೆ ಕಣೇ! ಒಲಿವೇರಾನ ಅಂಗಡೀಲಿ. ಹಸಿರು ರಟ್ಟು. ಈಗ ತಾನೇ ಕಣ್ಣಾರೆ ನೋಡ್ಕೊಂಡು ಬಂದೆ."

"ನೋಡ್ಕೊಂಡು ಬಂದ್ಯಾ? ತಗೊಂಡು ಬರೋದಕ್ಕೇನಾಗಿತ್ತು?"

"ನನ್ನ ಕೈಯಲ್ಲಿ ಕುಂಬಳಕಾಯಿ ಇತ್ತಮ್ಮಾ."

ಝುಲ್ಮಾ ಕುಡಿಯುತ್ತಿದ್ದ ಮತೆ ಸೊಪ್ಪಿನ ಕಷಾಯವನ್ನು ಅರ್ಧಕ್ಕೇ ಇಟ್ಟಳು. ಮಾಂಟೆವಿಡಿಯೊದಲ್ಲಿ ಯಾರಾದರೂ ಮತೆಯನ್ನು ಅರ್ಧಕ್ಕೆ ಇಟ್ಟರೆಂದರೆ ಮನೆಗೆ ಬೆಂಕಿ ಬಿದ್ದಿರಬೇಕು, ಇಲ್ಲವೇ ಫುಟ್‌ಬಾಲ್‌ನಲ್ಲಿ ಗೋಲು ಬಿದ್ದಿರಬೇಕು.

ಅವಳ ಅವಸರಕ್ಕೆ ಕಾರಣವಿತ್ತು. ನಲವತ್ತೆಂಟು ವರ್ಷದ ಹಿಂದೆ, ಅವಳಿಗೆ ಒಂಬತ್ತು ವರ್ಷವಾಗಿದ್ದಾಗ, ದಡಾರ ಎದ್ದು ಮಲಗಿದ್ದಳು. ತಾಯಿ ಎರ್ಮಿನಿಯಾ ಹಾಸಿಗೆಯ ಪಕ್ಕ ಕೂತು 'ದೋಣಿಗಿತ್ತಿ ಲಿಯೊಕಾಡಿಯಾ' ಎಂಬ ಕಾದಂಬರಿಯ ಮೊದಲ ಸಂಪುಟ ಓದಿ ಹೇಳಿದ್ದಳು. ಲಿಯೊಕಾಡಿಯಾ ಪ್ರವಾಹದ ನಡುವೆ ದೋಣಿ ಇಳಿಸುವಲ್ಲಿಗೆ ಅದು ಮುಗಿಯುತ್ತಿತ್ತು. ಎರಡನೆಯದು ಮನೆ ಬದಲಾಯಿಸುವಾಗ ಕಳೆದುಹೋಯಿತಂತೆ. "ಆದರೆ ನಾನು ಓದಿದೀನಿ, ಹೇಳ್ತೀನಿ ಕೇಳು" ಎಂದು ತಾಯಿ ಆರು ರಾತ್ರಿ ಬಾಯಲ್ಲೇ ಹೇಳಿದ್ದಳು. ಲಿಯೊಕಾಡಿಯಾ ಊರಿಗೆ ಊರನ್ನೇ ದಾಟಿಸಿದಳು, ಕೊನೆಗೆ ಅದೇ ದೋಣಿಯಲ್ಲಿ ಮಕ್ಕಳಿಗೆ ಶಾಲೆ ತೆರೆದಳು. ದಡಾರ ಇಳಿಯಿತು, ಕತೆ ಇಳಿಯಲಿಲ್ಲ. ಝುಲ್ಮಾ ಬೆಳೆದು ಟೀಚರ್ ಆದಳು, ನಿವೃತ್ತಿಯೂ ಆದಳು. ತಾಯಿ ಮಗಳು ಸೇರಿ ಮನೆಯನ್ನು ಪುಸ್ತಕದಿಂದ ಎಷ್ಟು ತುಂಬಿಸಿದ್ದರೆಂದರೆ ಬಚ್ಚಲಿಗೆ ಅಡ್ಡಡ್ಡ ನಡೆದು ಹೋಗಬೇಕಿತ್ತು. ಆ ಎರಡನೇ ಸಂಪುಟ ಮಾತ್ರ ಸಿಕ್ಕಿರಲಿಲ್ಲ. ಅಚ್ಚು ಹಾಕಿದ ಸಣ್ಣ ಮುದ್ರಣಾಲಯ ಎಂದೋ ಮುಚ್ಚಿತ್ತು. "ಕಣ್ಣು ಮುಚ್ಚೋದರೊಳಗೆ ಇನ್ನೊಂದು ಸಲ ಓದಬೇಕಿತ್ತು" ಎಂದು ಎರ್ಮಿನಿಯಾ ವರ್ಷಕ್ಕೆ ನಾಲ್ಕು ಸಲವಾದರೂ ನಿಟ್ಟುಸಿರು ಬಿಡುತ್ತಿದ್ದಳು.

ಈಗ ಅವಳಿಗೆ ಎಂಬತ್ತೊಂದು. ಕಣ್ಣಿನ ನರ ಸೋಲುತ್ತಿದೆ, ಚಳಿಗಾಲ ಮುಗಿಯುವುದರೊಳಗೆ ಅಚ್ಚಿನ ಅಕ್ಷರ ಕಾಣದಾಗಬಹುದು ಎಂದಿದ್ದರು ಡಾಕ್ಟರು. ಹಾಗಾಗಿ ಝುಲ್ಮಾ ನಿರ್ಧಾರ ಮಾಡಿಬಿಟ್ಟಳು. ಇವತ್ತು ಆ ಪುಸ್ತಕ ಮನೆಗೆ ಬರಬೇಕು.

ಸುದ್ದಿ ಕೇಳಿ ತಾಯಿ ಕುಣಿದಾಡುತ್ತಾಳೆ ಅಂದುಕೊಂಡಿದ್ದಳು. ಎರ್ಮಿನಿಯಾ ಕುಣಿಯಲಿಲ್ಲ.

"ಹೊರಗೆ ಗಾಳಿ ಇದೆ, ಹೋಗಬೇಡ."

"ಸಮುದ್ರದ ಊರಲ್ಲಿ ಗಾಳಿ ಇರದೆ ಇನ್ನೇನಿರುತ್ತಮ್ಮಾ?"

"ನನ್ನ ಮೊಣಕಾಲು ನೋಯ್ತಿದೆ."

"ನಿನ್ನ ಮೊಣಕಾಲಲ್ಲಿ ನಾನು ನಡೆದು ಹೋಗ್ತಿಲ್ಲ."

ಆಮೇಲೆ ಝುಲ್ಮಾಳ ಒಂದು ಶೂ ಕಾಣೆಯಾಯಿತು. ಹುಡುಕಿ ಹುಡುಕಿ ಕೊನೆಗೆ ಅದು ಮೂರು ನಿಘಂಟುಗಳ ಹಿಂದೆ ಸಿಕ್ಕಿತು. ಅದು ಅಲ್ಲಿಗೆ ನಡೆದು ಹೋದದ್ದು ಹೇಗೆ ಎಂದು ಯೋಚಿಸಲು ಪುರಸೊತ್ತಿರಲಿಲ್ಲ. ತಾಯಿ ಬಚ್ಚಲಿನ ಬಾಗಿಲು ಹಾಕಿಕೊಂಡು ಫೋನಿನಲ್ಲಿ ಪಿಸುಗುಡುತ್ತಿದ್ದದ್ದೂ ಅವಳ ಕಿವಿಗೆ ಬೀಳಲಿಲ್ಲ.

ತ್ರಿಸ್ತಾನ್ ನರ್ವಾಹಾ ಬೀದಿಯ ಸಂತೆಯಲ್ಲಿ ಒಲಿವೇರಾನದು ಅಪ್ಪನ ಕಾಲದ ಹಳೇ ಪುಸ್ತಕದಂಗಡಿ. ಮರದ ಕೆಳಗೆ ಎರಡು ಮೇಜು, ಸುತ್ತ ಹತ್ತಾರು ರಾಶಿ. ಬೇರೆ ಭಾನುವಾರಗಳಲ್ಲಿ ಒಲಿವೇರಾ ಬುಗುರಿಯ ಹಾಗೆ ಸುತ್ತುತ್ತಿದ್ದವನು, ಇವತ್ತು ಒಂದು ಪುಸ್ತಕದ ರಾಶಿಯ ಮೇಲೆ ಕಾವಿಗೆ ಕೂತ ಕೋಳಿಯಂತೆ ಕೂತಿದ್ದ.

"ಒಲಿವೇರಾ, 'ದೋಣಿಗಿತ್ತಿ ಲಿಯೊಕಾಡಿಯಾ' ಎರಡನೇ ಸಂಪುಟ ಕೊಡಿ."

"ಅಂಥಾದ್ದು ಇಲ್ಲ."

"ನೆಲಿದಾ ಬೆಳಿಗ್ಗೆ ನೋಡಿದಾಳೆ."

"ಆಯಮ್ಮ ಹೋದ ವಾರ ನನ್ನ ಅಂಗಡೀಲಿ ದೆವ್ವ ಕೂಡ ನೋಡಿದಾಳೆ."

ಝುಲ್ಮಾ ರಾಶಿಗಳನ್ನು ಒಂದೊಂದಾಗಿ ಕೆದಕಿದಳು. ಮಂಡಿಯೂರಿ ಮೇಜಿನ ಕೆಳಗೂ ನೋಡಿದಳು. ಏಳುವಾಗ, ಒಲಿವೇರಾನ ಅಗಲವಾದ ಆಸನದ ಕೆಳಗಿನಿಂದ ಬೆರಳಗಲದ ಹಸಿರು ರಟ್ಟು ಇಣುಕಿತು.

"ಸ್ವಲ್ಪ ಎದ್ದೇಳಿ."

"ಸೊಂಟ ಹಿಡ್ಕೊಂಡಿದೆ."

"ಸರಿ. ಬಿಡೋವರೆಗೂ ಕಾಯ್ತೀನಿ" ಎಂದು ಝುಲ್ಮಾ ಎದುರಿಗಿದ್ದ ಪೆಟ್ಟಿಗೆಯ ಮೇಲೆ ಕೂತೇಬಿಟ್ಟಳು. ಮೂವತ್ತು ವರ್ಷ ತರಲೆ ಮಕ್ಕಳನ್ನು ಕಣ್ಣಲ್ಲೇ ಕೂರಿಸಿದ್ದ ಹೆಂಗಸು. ಇವತ್ತು ಒಬ್ಬನನ್ನು ಕಣ್ಣಲ್ಲೇ ಎಬ್ಬಿಸಬೇಕಿತ್ತು, ಅಷ್ಟೇ ವ್ಯತ್ಯಾಸ.

ಒಂಬತ್ತೂವರೆ ಆಯಿತು, ಹತ್ತಾಯಿತು. ಒಲಿವೇರಾ ಅಭ್ಯಾಸಬಲದಿಂದ ಕಂಕುಳಿನ ಫ್ಲಾಸ್ಕಿನಿಂದ ಬಿಸಿನೀರು ಬಗ್ಗಿಸಿ ಬಗ್ಗಿಸಿ ಮತೆ ಕುಡಿದ. ಝುಲ್ಮಾ ಅದನ್ನು ಬಹಳ ಆಸಕ್ತಿಯಿಂದ ಲೆಕ್ಕವಿಟ್ಟಳು. ಅಷ್ಟರಲ್ಲಿ ಸಲಹೆ ಕೊಡಲೆಂದು ನೆಲಿದಾ ಬಂದಳು.

"ಕಚಗುಳಿ ಇಡು."

"ಅವನಿಗೆ ಬೇರೆ ಔಷಧ ಇದೆ" ಎಂದು ಝುಲ್ಮಾ ಪಿಸುಗುಟ್ಟಿ, ಒಲಿವೇರಾನ ಫ್ಲಾಸ್ಕನ್ನು ನೆಲಿದಾಳ ಕೈಗೆ ಕೊಟ್ಟು ಗಟ್ಟಿಯಾಗಿ ಹೇಳಿದಳು, "ಪಾಪ, ನೀರು ಮುಗಿದುಹೋಗಿದೆ. ಹೋಟೆಲಿಂದ ತುಂಬಿಸಿ ತಂದುಕೊಡೇ."

ಹನ್ನೊಂದಕ್ಕೆ ಎರಡನೇ ಫ್ಲಾಸ್ಕ್ ಖಾಲಿ. ಒಲಿವೇರಾ ಕಾಲ ಮೇಲೆ ಕಾಲು ಹಾಕಿದ, ತೆಗೆದ, ಮತ್ತೆ ಹಾಕಿದ. ಗಿರಾಕಿಗಳು ಕೇಳಿದ ಬೆಲೆಗೆಲ್ಲ "ಹೂಂ, ಹೂಂ" ಎನ್ನತೊಡಗಿದ. ಸುತ್ತ ಜನ ಸೇರಿದರು. ಪಕ್ಕದ ತರಕಾರಿಯವಳು ಇಬ್ಬರಲ್ಲಿ ಯಾರು ಗೆಲ್ಲುತ್ತಾರೆಂದು ಪಂಥ ಕಟ್ಟಿಸಿದಳು.

ಆಗ ಕೆಳಮಹಡಿಯ ಎಲ್ವಿಯೊ, ಬಸ್ ಓಡಿಸಿ ನಿವೃತ್ತನಾದ ಮುದುಕ, ಏದುಸಿರು ಬಿಡುತ್ತಾ ಬಂದ.

"ಝುಲ್ಮಾ, ಬೇಗ ಬಾ! ನಿಮ್ಮಮ್ಮಂಗೆ ಎದೆ ನೋವು! ಮಲಗಿಬಿಟ್ಟಿದಾರೆ!"

ಝುಲ್ಮಾಳ ಜೀವ ಬಾಯಿಗೆ ಬಂತು. ಎದ್ದು ನಾಲ್ಕು ಹೆಜ್ಜೆ ಹಾಕಿಯೂ ಬಿಟ್ಟಳು. "ಡಾಕ್ಟರಿಗೆ ಫೋನ್ ಮಾಡಿದ್ರಾ?"

"ಮಾಡ್ತೀವಿ ಅಂದ್ರೆ ಬೇಡ ಅಂದ್ರು. ರಾವಿಯೋಲಿಗೆ ಸಾರು ಕುದೀತಾ ಇದೆಯಂತೆ, ತಳ ಹಿಡಿಯುತ್ತಂತೆ, ಸೌಟು ಬಿಟ್ಟು ಬರಕ್ಕಾಗಲ್ಲ ಅಂದ್ರು."

ಝುಲ್ಮಾ ನಿಂತಳು. ತಿರುಗಿದಳು. ಬಂದು ಪೆಟ್ಟಿಗೆಯ ಮೇಲೆ ಕೂತಳು. "ಅಮ್ಮಂಗೆ ಹೇಳಿ, ಸಾರಿಗೆ ತುಳಸಿ ಜಾಸ್ತಿ ಹಾಕು ಅಂತ."

ಮಧ್ಯಾಹ್ನ ಒಂದು ಗಂಟೆಗೆ ಹತ್ತು ನಿಮಿಷವಿರುವಾಗ ಒಲಿವೇರಾ "ಅಯ್ಯೋ ದೇವರೇ!" ಎಂದವನೇ ಸ್ಪ್ರಿಂಗ್ ಕಿತ್ತ ಗೊಂಬೆಯಂತೆ ನೆಗೆದು ಹೋಟೆಲಿನ ಹಿಂಬಾಗಿಲಿಗೆ ಓಡಿದ. ಸಂತೆಯೆಲ್ಲ ಚಪ್ಪಾಳೆ. ಝುಲ್ಮಾ ಬೆಚ್ಚಗಿದ್ದ ಹಸಿರು ಪುಸ್ತಕವನ್ನು ಎತ್ತಿ ಎದೆಗವಚಿಕೊಂಡಳು. ಐದು ನಿಮಿಷದ ಮೇಲೆ ಸಮಾಧಾನವಾಗಿ ಬಂದ ಒಲಿವೇರಾ ದುಡ್ಡು ಮುಟ್ಟಲಿಲ್ಲ.

"ತಗೊಂಡು ಹೋಗು ತಾಯಿ. ಆದರೆ ನಿಮ್ಮಮ್ಮಂಗೆ ಹೇಳು, ನಾನು ನಾಲ್ಕು ಗಂಟೆ ಕೂತಿದ್ದೆ ಅಂತ. ನಲವತ್ತೆಂಟು ವರ್ಷದ ಹಿಂದೆ ನಮ್ಮಪ್ಪ ನಿಮ್ಮಮ್ಮಂಗೆ ಕೊಟ್ಟ ಮಾತು. ಈ ಪುಸ್ತಕ ಯಾರಿಗೆ ಮಾರಿದ್ರೂ ನಿಂಗೆ ಮಾರಬಾರದು ಅಂತ. ಬೇರೆ ಯಾರೂ ತಗೊಳ್ಳಲೂ ಇಲ್ಲ ಅನ್ನು. ಇವತ್ತು ಪೆಟ್ಟಿಗೆ ಕ್ಲೀನ್ ಮಾಡುವಾಗ ಮೇಲೆ ಬಂದುಬಿಡ್ತು."

ಝುಲ್ಮಾಗೆ ತಲೆಬುಡ ಅರ್ಥವಾಗಲಿಲ್ಲ. ಬಸ್ ನಿಲ್ದಾಣದ ಬೆಂಚಿನ ಮೇಲೆ ಕೂತು ಪುಸ್ತಕ ತೆರೆದಳು. ಒಂಬತ್ತನೇ ಪುಟದಲ್ಲಿ ಲಿಯೊಕಾಡಿಯಾ ಪ್ರವಾಹದಲ್ಲಿ ನೆನೆದು, ನೆಗಡಿ ಹಿಡಿದು, ಎರಡು ಸಲ ಸೀನಿ, ಸತ್ತೇಹೋದಳು. ಅಲ್ಲಲ್ಲಿ ತಿರುವಿ ನೋಡಿದರೆ, ಮುಂದಿನ ಮುನ್ನೂರೆಂಬತ್ತು ಪುಟ ಅವಳ ದೋಣಿ ಕಟ್ಟೆ ಯಾರಿಗೆ ಸೇರಬೇಕೆಂದು ಇಬ್ಬರು ದಾಯಾದಿಗಳ ಕೋರ್ಟ್ ಕೇಸು. ಶಾಲೆ ಎಲ್ಲೂ ಇರಲಿಲ್ಲ.

ಮನೆಗೆ ಬಂದು ಪುಸ್ತಕವನ್ನು ಮೇಜಿನ ಮೇಲೆ ಧಡಾರನೆ ಇಟ್ಟಳು. "ಅಮ್ಮಾ! ಏನಿದು?"

ಎರ್ಮಿನಿಯಾ ಸೌಟು ಕೆಳಗಿಟ್ಟಳು. "ನಿಂಗೆ ನೂರಾಮೂರು ಜ್ವರ ಇತ್ತು ಕಣೇ. 'ಲಿಯೊಕಾಡಿಯಾ ಬದುಕ್ತಾಳಾ ಅಮ್ಮಾ, ನಾನು ಬದುಕ್ತೀನಾ?' ಅಂತ ಒಂದೇ ಉಸಿರಲ್ಲಿ ಕೇಳ್ತಿದ್ದೆ. ನೆಗಡಿಗೆ ಸತ್ತಳು ಅಂತ ಓದಲಾ? ಒಂಬತ್ತನೇ ಪುಟಕ್ಕೇ ಮುಚ್ಚಿ, ಒಲಿವೇರಾನ ಅಪ್ಪನ ಅಂಗಡಿಗೆ ಕೊಟ್ಟುಬಿಟ್ಟೆ."

"ಮುಚ್ಚಿದ್ದು ಸರಿ, ಸುಟ್ಟುಹಾಕಬಾರದಿತ್ತಾ?"

"ಪುಸ್ತಕಾನಾ?" ಎರ್ಮಿನಿಯಾ ಎದೆ ಮುಟ್ಟಿಕೊಂಡಳು. ಈ ಸಲ ನೋವು ನಿಜವಾದದ್ದೇ ಆಗಿತ್ತು. "ನೀನು ನನ್ನ ಮಗಳೇನಾ?"

"ಆ ಕತೆ ಕೇಳಿ ನಾನು ಟೀಚರ್ ಆದೆ!"

"ಒಳ್ಳೇದೇ ಆಯ್ತಲ್ಲ. ಪುಸ್ತಕ ಓದಿದ್ರೆ ವಕೀಲೆ ಆಗ್ತಿದ್ದೆ."

ಝುಲ್ಮಾ ಇನ್ನೂ ಕೂಗಾಡುವವಳೇ. ಆದರೆ ತಾಯಿ ಪುಸ್ತಕ ಎತ್ತಿ, ಮೂಸಿ, ಮೂಗಿನ ತುದಿಗೆ ಹಿಡಿದು, ಮೆಲ್ಲಗೆ ಕೆಳಗಿಳಿಸಿದಳು. "ಅಕ್ಷರ ಎಲ್ಲ ಇರುವೆ ಸಾಲಾಗಿದೆ. ಮೂರು ತಿಂಗಳಿಂದ ನಿನ್ನ ಪಕ್ಕ ಕೂತು ಸುಮ್ಮನೆ ಪುಟ ತಿರುಗಿಸ್ತಿದೀನಿ ಕಣೇ."

ಝುಲ್ಮಾ ಕೂಗಾಟ ಬಿಟ್ಟು ತಾಯಿಯ ಪಕ್ಕಕ್ಕೆ ಬಂದಳು. ಕುರ್ಚಿ ಎಳೆದುಕೊಂಡಳು. "ಯಾವುದು ಓದಲಿ ಹೇಳು. ಒಳ್ಳೇದು ಆರಿಸ್ಕೋ."

"ಇದನ್ನೇ ಓದು. ಹತ್ತನೇ ಪುಟದಿಂದ. ಅಲ್ಲಿಂದಾಚೆ ನಾನೂ ಓದಿಲ್ಲ. ಮನೆಗೆ ಬಂದ ಪುಸ್ತಕ ಓದದೆ ಇರಕ್ಕಾಗುತ್ತಾ?"

ಝುಲ್ಮಾ ಓದಿದಳು. ಅಫಿಡವಿಟ್ಟು, ಗಡಿಕಲ್ಲು, ಖೋಟಾ ಉಯಿಲು. ತನಗೆ ಆಕಳಿಕೆ ಬಂದ ಕಡೆಯಲ್ಲೆಲ್ಲ ತಾಯಿ "ಅಯ್ಯೋ ಕಳ್ಳ! ಆಮೇಲೆ?" ಎನ್ನುತ್ತಿದ್ದಳು. ಎದೆ ನೋವು ವಿಚಾರಿಸಲು ಬಂದ ಎಲ್ವಿಯೊ ರಾವಿಯೋಲಿ ತಟ್ಟೆ ಹಿಡಿದು ಅಲ್ಲೇ ಕೂತ. ನೆಲಿದಾಳೂ ಬಂದಳು. ನಲವತ್ತನೇ ಪುಟದ ಹೊತ್ತಿಗೆ ಎಲ್ವಿಯೊ ಹಿರಿಯ ದಾಯಾದಿಯ ಕಡೆ, ನೆಲಿದಾ ಕಿರಿಯನ ಕಡೆ. ಇಬ್ಬರ ನಡುವೆ ಮಾತುಕತೆ ನಿಂತಿತ್ತು. ಝುಲ್ಮಾಳ ಗಂಟಲು ಮರಳುಗಾಡಾಗಿತ್ತು.

"ನನ್ನ ಕೈಲಾಗಲ್ಲ" ಎಂದು ಅವಳು ಕೊನೆಯ ಪುಟ ತಿರುಗಿಸಿದಳು. "ಯಾರು ಗೆದ್ದರು ಅಂತ ಓದಿ ಮುಗಿಸಿಬಿಡ್ತೀನಿ. ಕೇಳಿ. 'ನ್ಯಾಯಾಧೀಶರು ಕನ್ನಡಕ ಹಾಕಿಕೊಂಡರು. ಕೋರ್ಟು ಉಸಿರು ಬಿಗಿಹಿಡಿಯಿತು. ತೀರ್ಪಿಗೆ...'"

ಅವಳು ಓದು ನಿಲ್ಲಿಸಿದಳು.

"ತೀರ್ಪಿಗೆ? ಓದೇ!" ಎಂದರು ಮೂವರೂ.

"'ತೀರ್ಪಿಗೆ ಮೂರನೇ ಸಂಪುಟ ನೋಡುವುದು.'"

ಎರ್ಮಿನಿಯಾ ಗಂಟೆ ಎಷ್ಟೆಂದು ಕೇಳಿದಳು. ಮೂರೂಕಾಲು, ಸಂತೆ ಎತ್ತುವುದು ನಾಲ್ಕಕ್ಕೆ ಎಂದ ಎಲ್ವಿಯೊ. ನೆಲಿದಾ ಬಾಗಿಲ ಬಳಿಯಿಂದ ಎರಡೂ ಶೂ ತಂದು ಝುಲ್ಮಾಳ ಕಾಲ ಬುಡಕ್ಕೆ ಇಟ್ಟಳು. ಎರ್ಮಿನಿಯಾ ತಡಕಾಡಿ ಫೋನ್ ಎತ್ತಿಕೊಂಡಳು.

"ಒಲಿವೇರಾ? ಅಂಗಡಿ ಕಟ್ಟಬೇಡಪ್ಪಾ. ನನ್ನ ಮಗಳು ಮತ್ತೆ ಬರ್ತಿದಾಳೆ."

ಆಚೆ ಕಡೆ ಫೋನು ಕಟ್ಟಾಯಿತು.