ಒದಿಯೋದಕ್ಕೂ ಸಂಬಳ

ನಾ ಯಾರ ಮನಿ ಸುದ್ದಿಗೂ ಹೋಗಾಕಿ ಅಲ್ಲ. ಸುದ್ದೀನ ನನ್ನ ಕಟ್ಟಿ ಹುಡುಕ್ಕೊಂಡು ಬರ್ತಾವ. ಆಂಧ್ರದ ಆದೋನಿಯಾಗ ನನ್ನ ಮನಿ ಎದುರಿಗೆ ಒಂದು ಬಯಲೈತಿ, ಆ ಬಯಲಾಗ ಒಂದು ಫುಟ್‌ಬಾಲ್ ಕ್ಲಬ್ ಐತಿ. ಅದು ಹುಟ್ಟಿದಾಗಿಂದ ಬಾಯಿ ಮ್ಯಾಲಿಟ್ಟ ಕೈ ನಾ ಕೆಳಗ ಇಳಿಸಿಲ್ಲ. ಎರಡನೇ ಕ್ಲಾಸಿಗೆ ಸಾಲಿ ಬಿಟ್ಟಾಕಿ ನಾನು, ಅಕ್ಷರ ಸೊಟ್ಟ ಇದ್ದಾವು. ಸುದ್ದಿ ಮಾತ್ರ ನೆಟ್ಟಗ ಐತಿ.

೧. ಪಂಗತಿ ನಡುವ ಎದ್ದೋರು

ಬಯಲು ನಮ್ಮ ಓಣಿ ಹತ್ತಿ ಸಾಹುಕಾರ್ರದು. ಅವರು ಮಗಳನ್ನ ಎಮ್ಮಿಗನೂರಿಗೆ ಕೊಟ್ಟ್ರು. ಮದುವಿ ಊಟದಾಗ ಬೀಗರು ಹೋಳಿಗಿ ಮುರೀತಾ ಅಂದ್ರು: "ನಮ್ಮೂರಾಗ ಫುಟ್‌ಬಾಲ್ ಕ್ಲಬ್ ಐತ್ರಿ ಬೀಗ್ರ. ಪ್ರೊಫೆಷನಲ್. ನಿಮ್ಮ ಅಳಿಯಾನ ಅದರಾಗ ಗೋಲ್ ಹೊಡಿಯಾಂವ. ನಿಮ್ಮೂರಾಗ ಏನೈತಿ?"

"ಹತ್ತಿ ಐತಿ."

"ಬಿಡ್ರಿ, ನೀವು ಅದರ ಮ್ಯಾಲ ಮಲಕ್ಕೊಳ್ರಿ."

ಪಂಗತಿಗೆ ಪಂಗತೀನ ನಕ್ಕಿತು. ಸಾಹುಕಾರ್ರು ಎಲಿ ಬಿಟ್ಟು ಎದ್ದುಬಿಟ್ಟ್ರು. ಮಗಳ ಮದುವ್ಯಾಗ! ಎಂಜಲ ಕೈಲೆ! ನಾ ಎದುರಿಗೇ ಕುಂತು ನೋಡಿದೆ.

ಮರುತಿಂಗಳ ನಮ್ಮೂರಾಗೂ ಕ್ಲಬ್. "ಪ್ರೊಫೆಷನಲ್ ಅಂದ್ರ ಏನ್ರಿ ಸಾಹುಕಾರ್ರ?" ಅಂತ ಕೇಳಿದೆ.

"ಆಡೋರಿಗೆ ಸಂಬಳ ಕೊಡೋದು ಅವ್ವಾರ."

ಒದಿಯೋದಕ್ಕ ಸಂಬಳ! ಅಯ್ಯ ಶಿವನ! ನಮ್ಮ ಮನಿ ಎಮ್ಮಿ ದಿನಾ ಎರಡು ಹೊತ್ತು ಪುಕ್ಕಟೆ ಒದಿತೈತಿ. ಅದರ ಕಿವಿಗೆ ಈ ಮಾತು ಬೀಳದಂಗ ನಾ ಮೆಲ್ಲಗ ಬಂದು ಹಾಲು ಹಿಂಡಿದೆ.

೨. ಟವಲ್ ಕೆಳಗ

ಕೇರಳದಿಂದ ಒಬ್ಬ ಕೋಚ್ ಬಂದ. ಆಟ ಕಲಿಸಾಂವ, ತೆಂಗಿನಮರದಂಥಾ ಆಳು. ಸಾಹುಕಾರ್ರು ಆತನ ಸಂಬಳದ ಮಾತು ಬಯಲಾಗ, ಎಲ್ಲಾರ ಮುಂದ ಆಡಿದ್ರು. ಹೆಂಗ? ಹಿಂದಕ ಹತ್ತಿ ವ್ಯಾಪಾರದಾಗ ಟವಲ್ ಕೆಳಗ ಕೈ ಇಟ್ಟು ಬೆರಳು ಹಿಡಿದು ರೇಟು ಮಾಡ್ತಿದ್ರು ನೋಡ್ರಿ, ಹಂಗ. ಮಾರ್ಕೆಟ್ಟಿಗೆ ಕಂಪ್ಯೂಟರ್ ಬಂದ್ರೂ ಸಾಹುಕಾರ್ರ ಕೈಗೆ ಆ ಚಟ ಹೋಗಿಲ್ಲ. ಕೋಚನ ಕೈ ಮ್ಯಾಲ ಟವಲ್ ಹಾಕಿದ್ರು. ತಮ್ಮ ಕೈ ಒಳಗ ಬಿಟ್ಟು ಒಂದ ಒಂದು ಬೆರಳು ಹಿಡಿದ್ರು.

ಆತಗ ಏನು ಗೊತ್ತು ಪಾಪ? ಪ್ರೀತಿ ಅಂದ್ಕೊಂಡ. ನಕ್ಕೋತ ಸಾಹುಕಾರ್ರ ಐದೂ ಬೆರಳು ಸೇರಿಸಿ ಗಟ್ಟಿ ಹಿಚುಕಿದ. ಐದು ಬೆರಳಂದ್ರ ಎಲ್ಲಾಕ್ಕಿಂತ ದೊಡ್ಡ ರೇಟು. ಸಾಹುಕಾರ್ರ ಮಾರಿ ಸುಣ್ಣ ಆತು, ಕಣ್ಣಾಗ ನೀರು ಬಂತು. ಬೆರಳು ಹಿಡಿದ ಮ್ಯಾಲ ಮಾತಿಗೆ ತಪ್ಪಂಗಿಲ್ಲ, ಅದು ವ್ಯಾಪಾರದ ಧರ್ಮ.

ಕೋಚ್ ನನ್ನ ಕಟ್ಟಿಗೆ ಬಂದು ನನಗ ತೆಲುಗಿನ್ಯಾಗ ಅಂದ: "ಅಮ್ಮಗಾರೂ, ಈ ಊರಿನ ಜನ ಎಂಥಾ ಒಳ್ಳೇರು! ಸಂಬಳದ ಮಾತು ಶುರುನೂ ಆಗಿಲ್ಲ, ಆಗಲೇ ಕಣ್ಣೀರು ಹಾಕ್ತಾರ."

೩. ಮುಟ್ಟಿ ಕಣ್ಣಿಗೊತ್ತೋದು

ನಮ್ಮ ಕಡೆ ಯಾರಿಗಾರ ಕಾಲು ತಾಗಿದ್ರ ಅವರನ್ನ ಮುಟ್ಟಿ ಕಣ್ಣಿಗೆ ಒತ್ತಿಗೋತೀವಿ. ತೊಟ್ಟಿಲಿಂದ ಬಂದ ರೂಢಿ. ಇಂಥಾ ಊರಾಗ ಕಾಲಿಗೆ ಕಾಲು ಕೊಡೋ ಆಟ ತಂದಿಟ್ಟ್ರ ಏನಾಗಬೇಕು?

ಮಂತ್ರಾಲಯದ ಆಚಾರ್ರ ಮಗ ನಮ್ಮ ಗೋಲಿನ ಮುಂದ ಅಡ್ಡ ನಿಲ್ಲೋರ ಪೈಕಿ. ಗೋಡಿ ಇದ್ದಂಗ ಅದಾನ. ಎಮ್ಮಿಗನೂರಿನವರ ಜೋಡಿ ಮೊದಲ ಮ್ಯಾಚ್. ಸಾಹುಕಾರ್ರ ಅಳಿಯ ಚೆಂಡು ತಂದ, ಆಚಾರ್ರ ಮಗ ಅಡ್ಡ ಹೋದ, ಕಾಲು ತಾಗಿತು. ಗೋಡಿ ಬಗ್ಗಿತು! ಅಳಿಯನ ಮೊಣಕಾಲು ಮುಟ್ಟಿ ಕಣ್ಣಿಗೊತ್ತಿಕೊಂಡು ಏಳೂದ್ರಾಗ ಚೆಂಡು ಗೋಲಿನ್ಯಾಗ. ಒಂದ ಸಲಕ್ಕ ಮುಗೀಲಿಲ್ಲ, ಆಟ ಪೂರಾ ಇದ ನಡೀತು. ಕೋಚ್ ತಲಿ ಹಿಡ್ಕೊಂಡು "ಇದೇಮಿ, ಫುಟ್‌ಬಾಲಾ, ಪೂಜಾ?" ಅಂತ ಒದರಿದ.

ಸೋತ ಸಿಟ್ಟಿನ್ಯಾಗ ಸಾಹುಕಾರ್ರು ಎಲ್ಲಾರ ಮುಂದ ಆಣಿ ಮಾಡಿದ್ರು: "ಇನ್ನೊಂದ್ಸಲ ಬೀಗರಿಗೆ ಸೋತ್ರ ಕ್ಲಬ್ ಮುಚ್ಚತೀನಿ. ಈ ಬಯಲಾಗ ಹತ್ತಿ ಗೋಡೌನ್ ಕಟ್ಟಸ್ತೀನಿ."

ಹುಡುಗರ ಮಾರಿ ಬಾಡಿತು. ನಾ ಕಟ್ಟಿ ಮ್ಯಾಲ ಎದ್ದು ನಿಂತೆ. ಗೋಡೌನ್! ನನ್ನ ಕಟ್ಟಿ ಮುಂದ ಗೋಡಿ! ನಾ ಕುಂತು ನೋಡೋದೇನು, ಸಿಮೆಂಟು?

ಕೋಚ್ ಹುಕುಂ ಮಾಡಿದ: ಯಾರೂ ಮುಟ್ಟಿ ಕಣ್ಣಿಗೊತ್ತಬಾರದು. ಮರುದಿನ ಮೊದಲ ಬಸ್ಸಿಗೆ ಹುಡುಗನ ತಾಯಿ ಮಂತ್ರಾಲಯದಿಂದ ಇಳಿದ್ಲು. "ಏನಪಾ, ಒದ್ದು ಹಂಗ ಮುಂದ ಹೋಗು ಅಂದ್ಯಂತ ನನ್ನ ಮಗಗ? ನಾಳೆ ಮನ್ಯಾಗ ನನ್ನ ಒದ್ದು ಹಂಗ ಮುಂದ ಹೋದ್ರ?"

ಕೋಚ್ ಕೈ ಮುಗಿದು ರಾಜಿ ಮಾಡಿಕೊಂಡ. ಕಾಲು ತಾಗಿದವರಿಗೆಲ್ಲ ಆಟ ಮುಗಿದ ಮ್ಯಾಲ ಒಟ್ಟಿಗೆ ನಮಸ್ಕಾರ ಮಾಡಿಬಿಡಲಿ ಅಂದ. ಆ ವಾರ ನಾಗಲದಿನ್ನಿ ಹುಡುಗರ ಜೋಡಿ ಆಟ. ಆಟ ಮುಗಿದ ಸೀಟಿ ಊದಿದ್ದ ತಡ, ಈ ಗೋಡಿಯಂಥಾ ಹುಡುಗ ಅವರ ಕಡೆ ಓಡಿದ. ಬಡಿಯಾಕ ಬಂದ ಅಂತ ಅವರು ಚಪ್ಪಲಿ ಬಿಟ್ಟು ಓಡಿದ್ರು. ಈತ "ಒಂದ ಸಲ ಮುಟ್ಟತೀನಿ, ನಿಲ್ರೋ!" ಅಂತ ಬಸ್‌ಸ್ಟ್ಯಾಂಡ್ ತನಕ ಬೆನ್ನು ಹತ್ತಿದ.

೪. ವೈರಿಗೆ ತುಪ್ಪ

ಎಮ್ಮಿಗನೂರಿನವರು ಎರಡನೇ ಮ್ಯಾಚಿಗೆ ಬಂದ್ರು. ಗೋಡೌನ್ ಕಟ್ಟೋ ಮೇಸ್ತ್ರಿ ಟೇಪ್ ಹಿಡಿದು ಬಯಲಿನ ಮೂಲ್ಯಾಗ ನಿಂತಾನ. ಅಂಥಾದ್ರಾಗ ಸಾಹುಕಾರ್ರ ಹೆಂಡ್ತಿ ಏನು ಮಾಡಿದ್ಲು? "ಅಳಿಯಂದಿರು ಊರಿಗೆ ಬಂದು ಉಣ್ಣದ ಹೋದ್ರ ನನ್ನ ಮಗಳು ಅಲ್ಲಿ ಬಾಳಬೇಕೋ ಬ್ಯಾಡೋ?" ಅಂತ ಆ ತಂಡಕ್ಕ ತಂಡ ಕರ್ಕೊಂಡು ಹೋಗಿ ಹೋಳಿಗಿ ಬಡಿಸಿದ್ಲು. ವೈರಿಗಳಿಗೆ! ತುಪ್ಪ ಹಾಕಿ!

ಕೋಚ್ ಮಾತ್ರ ಒಳಗೊಳಗ ಖುಷಿ. "ಉಣ್ಣಲಿ, ಅಮ್ಮಗಾರೂ. ಹೊಟ್ಟಿ ಭಾರ ಆದ್ರ ಓಡಾಕ ಆಗಂಗಿಲ್ಲ."

ಆದ್ರ ಆತ ಒಂದು ಮರೆತ. ಆಕಿ ಜೋಡಿ ಬಡಿಸಾಕ ನಿಂತೋರು ನಮ್ಮ ಹುಡುಗರು. ಬೀಗರು ಎದ್ದ ಮ್ಯಾಲ ಉಳಿದ ಬುಟ್ಟಿ ಯಾರ ಪಾಲು? ಅವರಕಿಂತ ಹೆಚ್ಚು ತಿಂದು ಬಂದ್ರು. ಅವತ್ತು ಆಟದಾಗ ಓಡಿದ್ದು ರೆಫರಿ ಒಬ್ಬನ.

೫. ಗೆರಿ ಮ್ಯಾಲ

ಇಬ್ಬರದೂ ಗೋಲ್ ಇಲ್ಲ. ಆಟ ಮುಗೀಲಿಕ್ಕೆ ಬಂತು. ಸಾಹುಕಾರ್ರು ಗೆರಿ ಆಚೆ, ನನ್ನ ಕಟ್ಟಿ ಹತ್ತರ ನಿಂತು ಬೆವರು ಒರಿಸಿಕೊಳ್ತಿದ್ರು. ಅಳಿಯ ಚೆಂಡು ಹಿಡಿದು ಬಂದ. ಆಚಾರ್ರ ಮಗ ಅಡ್ಡ ನಿಂತ. ಅಳಿಯ ಜೋರು ಒದ್ದ. ಚೆಂಡು ದಾರಿ ತಪ್ಪಿ, ಗೆರಿ ದಾಟಿ, ಸೀದಾ ಮಾವನ ಹೊಟ್ಟಿಗೆ ಬಡೀತು!

ಊರಿಗೆ ಊರ ಹಾ ಅಂತ ಬಾಯಿ ತೆರೀತು. ಹೆಣ್ಣು ಕೊಟ್ಟ ಮಾವಗ! ಅಳಿಯನ ಮಾರಿ ಬಿಳಚಿತು. ಆಟ ಬಿಟ್ಟು ಓಡಿಬಂದು ಸಾಹುಕಾರ್ರ ಕಾಲಿಗೆ ಬಿದ್ದ. ಸಾಹುಕಾರ್ರು ತಲಿ ಮ್ಯಾಲ ಕೈ ಇಟ್ಟು "ನೂರು ವರ್ಷ ಬಾಳಪಾ, ಮಕ್ಕಳಾಗಲಿ, ಮರಿ ಆಗಲಿ" ಅನ್ನಾಕತ್ತಿದ್ರು. ಕೈ ಎತ್ತಲಿಲ್ಲ. ಮೂಟಿಗೆ ಹತ್ತಿ ತುಂಬಿ ಒತ್ತಿದಂಗ ಒತ್ತಿ ಹಿಡಿದಿದ್ರು, ನಾ ನೋಡಿದೆ.

ಆತ ಹೆಂಗೋ ಬಿಡಿಸಿಕೊಂಡು ಎದ್ದ. ಪಕ್ಕದಾಗ ಅತ್ತಿ ನಿಂತಿದ್ಲು. ಅತ್ತಿ ಕಾಲಿಗೂ ಬಿದ್ದ. ಅಷ್ಟರಾಗ ಆಚಾರ್ರ ಮಗ ಚೆಂಡು ಹುಡುಕಿ ಎತ್ತಿಕೊಂಡ. ಗೆರಿ ದಾಟಿದ ಚೆಂಡು ಕೈಲೆ ಒಳಗ ಎಸೀಬೇಕು. ಅಳಿಯ ಮತ್ತ ಎದ್ದ. ನನಗ ಗೋಡೌನಿನ ಗೋಡಿ ಕಣ್ಣಿಗೆ ಕಟ್ಟಿತು. ಕಟ್ಟಿ ಇಳಿದು ಹೋಗಿ ಅತ್ತಿ ಪಕ್ಕ ನಿಂತೆ. ಹಿರೇ ಮುದುಕಿ ಎದುರಿಗೆ ನಿಂತ್ರ ದಾಟಿ ಹೋಗತಾನೇನು? ಬಿದ್ದ. ನನ್ನ ಆಶೀರ್ವಾದ ಉದ್ದ ಐತಿ, ಎಲ್ಲಾರಿಗೂ ಗೊತ್ತು. ಅದು ಮುಗಿಯೋದ್ರಾಗ ಆಚಾರ್ರ ಮಗ ಚೆಂಡು ಎಸೆದು, ಬೀಗರ ಹುಡುಗರು ನಮಸ್ಕಾರ ನೋಡಿಕೋತ ನಿಂತಾಗ, ಆ ತುದಿಗೆ ನಮ್ಮವರು ಗೋಲ್ ಹೊಡೆದಿದ್ರು, ರೆಫರಿ ಸೀಟಿ ಊದಿದ್ದ.

ಬೀಗರು "ಮೋಸ, ಮೋಸ!" ಅಂತ ಬಂದ್ರು. ಸಾಹುಕಾರ್ರು ಕೇಳಿದ್ರು: "ಏನು ಮೋಸ ಬೀಗ್ರ? ನಿಮ್ಮ ಮಗ ಹಿರೇರಿಗೆ ನಮಸ್ಕಾರ ಮಾಡಿದ್ದಾ?" ಬೀಗರು ಮಗನ್ನ ಕರ್ಕೊಂಡು ಬಸ್ಸು ಹತ್ತಿದ್ರು. ಮೇಸ್ತ್ರಿ ಟೇಪ್ ಸುತ್ತಿಕೊಂಡು ಹೋದ.

ಇನ್ನ ಮುಂದಿನ ಮ್ಯಾಚ್ ಎಮ್ಮಿಗನೂರಾಗ. ಬೀಗರು ತಮ್ಮ ಓಣಿ ಮುದುಕ್ಯಾರನ್ನೆಲ್ಲ ಗೆರಿ ಗುಂಟ ನಿಲ್ಲಸ್ತಾರಂತ ಸುದ್ದಿ ಬಂದೈತಿ. ಏನು ಕಾಲ ಬಂತವ್ವಾ! ಅದಕ್ಕ ನಮ್ಮ ಕೋಚ್ ಹುಡುಗರಿಗೆ ಹೊಸಾದು ಕಲಿಸಾಕತ್ಯಾನ: ಚೆಂಡು ಬಿಡದಂಗ, ಓಡಿಕೋತನ ಬಗ್ಗಿ ಒಂದ ಕೈಲೆ ಕಾಲು ಮುಟ್ಟಿ ಮುಂದ ಹೋಗೋದು. ದಿನಾ ಮುಂಜಾನೆ ಆ ಪಾಠಕ್ಕ ಗೆರಿ ಮ್ಯಾಲ ನಿಲ್ಲೋ ಕಾಲು ನನ್ನವ. ಪುಕ್ಕಟೆ ನಿಲ್ಲಾಕ ನಾನೇನು ಎಮ್ಮಿ ಅಲ್ಲ. ಸಾಹುಕಾರ್ರು ಟವಲ್ ತಂದ್ರು. ನಾ ಐದೂ ಬೆರಳು ಹಿಡಿದೆ.