ಮೋತಿ ನೀರು ಕುಡಿದದ್ದು

ನಮ್ಮ ಮಾವನವರು ನನ್ನನ್ನು ಸೊಸೆಯಾಗಿ ಆರಿಸಿದ್ದು ಮಗನಿಗೋಸ್ಕರ ಅಲ್ಲ, ನಾಯಿಗೋಸ್ಕರ! ನಂಬುವುದಿಲ್ಲವೇ? ಬೇಡ ಬಿಡಿ, ನಮ್ಮ ಅಪ್ಪನೂ ನಂಬಿರಲಿಲ್ಲ. ಮಸ್ಕಿಯಿಂದ ಲಿಂಗಸುಗೂರಿಗೆ ಗಾಡಿ ಕಟ್ಟಿಕೊಂಡು ಹೆಣ್ಣು ನೋಡಲು ಬಂದವರು, ಹಾಡು ಬರುತ್ತದೆಯೇ, ರೊಟ್ಟಿ ಬಡಿಯುತ್ತಾಳೆಯೇ ಎಂದು ಒಂದು ಮಾತೂ ಕೇಳಲಿಲ್ಲ. ಅವಲಕ್ಕಿಯ ತಟ್ಟೆ ಬದಿಗಿಟ್ಟು ನನ್ನ ಕಡೆ ತಿರುಗಿದರು.

"ತಂಗೀ, ನಾಯಿ ಸುಮ್ಮಸುಮ್ಮನ ಬೊಗಳಾಕತ್ತಿದ್ರ ನೀ ಏನ್ ಮಾಡ್ತಿ?"

"ಯಾಕ ಬೊಗಳಾಕತ್ತೈತಿ ಅಂತ ಹೋಗಿ ನೋಡ್ತೀನ್ರಿ" ಎಂದೆ.

"ಹೊಡೀತೀನಿ ಅನ್ಲಿಲ್ಲ ನೋಡ್ರಿ! ನಡೀರಿ, ಮುಂದಿನ ಮಾತು ಮುಗಿಸೋಣು" ಎಂದು ಮೀಸೆ ತಿರುವಿದರು. ವರ ಏನೆನ್ನುತ್ತಾನೆಂದು ಯಾರೂ ಕೇಳಲಿಲ್ಲ.

ನಿಜಾಮರ ಕಾಲ ಅದು. ಮಸ್ಕಿಯ ಬಜಾರಿನಲ್ಲಿ ಮಾವನವರದು ಜವಳಿ ವ್ಯಾಪಾರ. ಮನೆಯ ಮುಂಭಾಗವೇ ಅಂಗಡಿ. ನಾಯಿಯ ಹೆಸರು ಮೋತಿ. ಮುತ್ತಿನ ಹೆಸರಿಟ್ಟುಕೊಂಡ ಆ ಪ್ರಾಣಿ ರೊಟ್ಟಿ ಹಂಚಿಗಿಂತ ಕಪ್ಪಗಿತ್ತು! ಈ ಮಾವನವರ ತಲೆಯಲ್ಲಿ ಏನಿದೆ ಎಂದು ನನಗೆ ಎಲ್ಲಿಲ್ಲದ ಕುತೂಹಲ. ಕೆಲಸವಿದ್ದರೂ ಇಲ್ಲದಿದ್ದರೂ ಕದದ ಸಂದಿಯಿಂದ ನೋಡುತ್ತ ನಿಲ್ಲುತ್ತಿದ್ದೆ. ಮಾವನವರು ಕನ್ನಡಕ ಏರಿಸಿಕೊಂಡು ಮೋತಿಯ ಕಿವಿಯೊಳಗೆ ಉಣ್ಣಿ ಹುಡುಕುತ್ತಿರುತ್ತಿದ್ದರು. ಗಿರಾಕಿಗಳು ಕಟ್ಟೆಯ ಮೇಲೆ ಸಾಲಾಗಿ ಕೂತಿರುತ್ತಿದ್ದರು.

"ಸಾವುಕಾರ್ರ, ಮದಿವಿ ಜವಳಿ ಐತ್ರಿ, ಮುಹೂರ್ತ ಮೀರತೈತಿ" ಎಂದು ಯಾರಾದರೂ ಗೋಗರೆದರೆ, "ಉಣ್ಣಿಗೆ ಮುಹೂರ್ತ ಗೊತ್ತಿಲ್ಲಪಾ, ತಡಿ" ಎನ್ನುವರು.

ಮೊಹರಂ ಬಂತೆಂದರೆ ಮೋತಿ ಮೆರವಣಿಗೆಯ ಹಲಗೆ ವಾದ್ಯದ ಸದ್ದಿಗೆ ನಡುಗಿ ಜೋಳದ ಚೀಲಗಳ ಹಿಂದೆ ಅವಿತುಕೊಳ್ಳುತ್ತಿತ್ತು. ಕಿವಿಗೆ ಅರಳೆ ತುರುಕಿ ನೋಡಿದರು, ಉಪಯೋಗವಾಗಲಿಲ್ಲ. ಕೊನೆಗೆ ಮಾವನವರು ಪಾನಕದ ಕೊಡ ಹೊತ್ತುಕೊಂಡು ಓಣಿಯ ತುದಿಗೇ ಹೋಗಿ ಹಲಗೆಯವರಿಗೆ ಕೈಮುಗಿದರು. "ನಮ್ಮ ಮನಿ ಮುಂದ ಇಪ್ಪತ್ತು ಹೆಜ್ಜಿ ಸುಮ್ನ ನಡದು ಹೋಗ್ರಪಾ. ಮೋತಿಗೆ ಎದಿ ಬಡ್ಕೊಂತೈತಿ." ಅವರು ನಕ್ಕು ಒಪ್ಪಿದರು. ಸಾವಿನ ಮನೆಯೆದುರಷ್ಟೇ ನಿಲ್ಲುವ ಹಲಗೆ ನಮ್ಮ ಮನೆಯೆದುರು ಗಪ್ಪೆಂದು ನಿಂತದ್ದೇ ತಡ, ಓಣಿಯವರೆಲ್ಲ ಎದ್ದುಬಿದ್ದು ಓಡಿ ಬಂದರು! ಎದುರುಮನೆಯ ಮುದುಕಿ ಆಗಲೇ ಸೆರಗನ್ನು ಕಣ್ಣಿಗೆ ಒತ್ತಿಕೊಂಡಿದ್ದಳು.

"ಯಾರ್ ಹೋದ್ರವ್ವಾ?"

"ಯಾರೂ ಹೋಗಿಲ್ಲ, ನಾಯಿ ಮಲಗೈತಿ" ಎಂದರು ನಮ್ಮತ್ತೆ.

ಇನ್ನು ಮೋತಿಯ ಆರೋಗ್ಯ! ಬಾವಿಯ ನೀರು ಜಡ, ಅದರ ಹೊಟ್ಟೆಗೆ ಆಗದು ಎಂದು ಮರಿಯಾಗಿದ್ದಾಗಿನಿಂದ ತಿಳಿಮಜ್ಜಿಗೆಯನ್ನೇ ಕುಡಿಸಿ ಬೆಳೆಸಿದ್ದರು. ನಾನು ಬಂದ ಹೊಸತರಲ್ಲಿ ತಿಳಿಯದೆ ನೀರಿಟ್ಟೆ. ಮೋತಿ ಬಟ್ಟಲನ್ನು ನೋಡಿತು, ನನ್ನನ್ನು ನೋಡಿತು, ನೆಟ್ಟಗೆ ಹೋಗಿ ಮಾವನವರ ಕಾಲ ಬಳಿ ಕೂತಿತು. ಚಾಡಿ ಹೇಳಲು ನಾಯಿಗೆ ಮಾತು ಬೇಕೇ?

"ನಾ ಈ ಮನಿಗೆ ಬಂದು ಮೂವತ್ತು ವರ್ಸಾತು, ನಿನಗ ಮಜ್ಜಿಗಿ ಬೇಕೇನಂತ ಒಂದಿನಾನೂ ಕೇಳಿಲ್ಲ" ಎಂದು ಅತ್ತೆ ಗೋಡೆಗೆ ಹೇಳಿಕೊಂಡರು.

ಆ ಬೇಸಿಗೆಯಲ್ಲಿ ಸಿಂಧನೂರಿನ ದಾರಿಯಿಂದ ಹುಚ್ಚುನಾಯಿಯೊಂದು ಊರೊಳಗೆ ನುಗ್ಗಿ ಸಿಕ್ಕಸಿಕ್ಕ ನಾಯಿಗಳನ್ನು ಕಚ್ಚಿತು. ಅವತ್ತೇ ನಾನು ಹಿತ್ತಲ ಬಾಗಿಲಿಗೆ ಅಗುಳಿ ಹಾಕುವುದನ್ನು ಮರೆತಿದ್ದೆ. ಮೋತಿ ಹೊರಗೆ ಹೋಗಿ ಬಂದಾಗ ಕಿವಿಯ ಮೇಲೆ ರಕ್ತವಿತ್ತು. ಹುಚ್ಚುನಾಯಿ ಕಚ್ಚಿತ್ತೋ, ಜಾಲಿಯ ಮುಳ್ಳು ಗೀರಿತ್ತೋ? ಅಗುಳಿ ಮರೆತದ್ದನ್ನು ನಾನು ಯಾರೆದುರೂ ಬಾಯಿ ಬಿಡಲಿಲ್ಲ.

ನಾಲ್ಕನೆಯ ದಿನ ಅಮೀನರು ಬಂದರು. ಪೊಲೀಸ್ ಅಧಿಕಾರಿಗೆ ಆಗ ಹಾಗೆನ್ನುತ್ತಿದ್ದರು. ಜೊತೆಗೆ ಬಂದೂಕಿನ ಜವಾನ. ಆ ದಿನ ಬೀದಿಗೆ ಬಿದ್ದ ನಾಯಿಗಳಲ್ಲಿ ಸಂಶಯ ಬಂದದ್ದಕ್ಕೆ ಗುಂಡು ಎಂದು ಹುಕುಂ ಆಗಿತ್ತು. ಮೋತಿಯೂ ಹೊರಗಿತ್ತೆಂದು ಓಣಿಯವರು ಯಾರೋ ಹೇಳಿದ್ದರು.

"ಬಾಗಲಾ ಯಾರು ತೆಗೆದಿದ್ರು?" ಎಂದು ಅಮೀನರು ಗದರಿದರು.

"ನಾನ ರೀ" ಎಂದರು ಮಾವನವರು. ವಯಸ್ಸಾಯಿತು, ಮರೆವು ಎಂದು ನಾನು ನಂಬಿದೆ. ಹಾಗೆ ನಂಬುವುದು ನನಗೆ ಅನುಕೂಲವೂ ಆಗಿತ್ತು!

"ನೀರಿಡ್ರಿ. ಹುಚ್ಚು ಹಿಡದ ನಾಯಿ ನೀರಿಗೆ ಅಂಜತೈತಿ. ಕುಡದ್ರ ಬಿಡ್ತೀನಿ, ಇಲ್ಲಂದ್ರ ಗೋಲಿ."

ಅತ್ತೆಯೂ ನಾನೂ ಮುಖ ಮುಖ ನೋಡಿಕೊಂಡೆವು. ಬಟ್ಟಲು ಬಂತು. ಮೋತಿ ಮೂಗು ಅದ್ದಿ ಮೂಸಿತು, ಎಂದಿನಂತೆ ಮುಖ ತಿರುವಿತು. ನೆರೆದ ಜನ ನಾಲ್ಕು ಹೆಜ್ಜೆ ಹಿಂದೆ ಸರಿದರು.

"ಅದಕ್ಕ ಮಜ್ಜಿಗಿ ರೂಢಿ ಐತ್ರಿ ಸಾಹೇಬ್ರ!" ಎಂದರು ಅತ್ತೆ.

"ಮಜ್ಜಿಗಿ ಕುಡಿಯೋ ನಾಯಿ ನಾ ಎಲ್ಲೂ ನೋಡಿಲ್ಲವ್ವಾ" ಎಂದು ಅಮೀನರು ಜವಾನನಿಗೆ ಸನ್ನೆ ಮಾಡಿದರು. ಬಂದೂಕು ಮೇಲೆದ್ದಿತು.

ಮಾವನವರು ತಲೆಯ ರುಮಾಲು ಬಿಚ್ಚಿ ಕಟ್ಟೆಯ ಮೇಲಿಟ್ಟರು. ಅಷ್ಟು ಜನರೆದುರು ಮಣ್ಣಿನಲ್ಲಿ ಮೊಣಕಾಲೂರಿ, ಮೋತಿ ಮೂಗು ಅದ್ದಿದ್ದ ಅದೇ ಬಟ್ಟಲಿಗೆ ಬಾಯಿ ಹಾಕಿ ನೀರು ಕುಡಿದರು. ನಾಯಿಗೆ ಹುಚ್ಚಿದ್ದರೆ ಅದರ ಜೊಲ್ಲು ಅವರ ಜೀವಕ್ಕೂ ಎರವಾಗುತ್ತಿತ್ತು. ಅದು ಅವರಿಗೆ ಚೆನ್ನಾಗಿ ಗೊತ್ತಿತ್ತು.

"ಅಯ್ಯಯ್ಯೋ, ಏನ್ ಮಾಡಾಕತ್ತೀರಿ!" ಅತ್ತೆ ಚೀರಿದರು.

"ಕುಡಿಯಪಾ ಮೋತಿ, ನನ್ನ ಸಲುವಾಗಿ ಒಂದ್ ಗುಟುಕು ಕುಡಿ" ಎಂದರು ಮಾವನವರು.

ಮೋತಿ ಮೊದಲು ಅವರ ಒದ್ದೆ ಮೀಸೆಯನ್ನು ನೆಕ್ಕಿತು. ಆಮೇಲೆ ಬಟ್ಟಲಿಗೆ ಮೂತಿಯಿಟ್ಟು ಪಚಪಚನೆ ತಳ ಕಾಣುವವರೆಗೆ ಕುಡಿಯಿತು. ಅಮೀನರು ಜವಾನನ ಬಂದೂಕನ್ನು ಕೆಳಗೆ ಒತ್ತಿ ಮುಂದಿನ ಮನೆಗೆ ನಡೆದರು. ಕಿವಿಯದು ಮುಳ್ಳಿನ ಗೀರೇ ಇರಬೇಕು. ಮೋತಿ ಮುಂದೆ ಬಹಳ ವರ್ಷ ಬದುಕಿತು.

ಜನ ಚದುರಿದರು. ಮಾವನವರು ಇನ್ನೂ ಮಣ್ಣಿನಲ್ಲೇ ಕೂತು ಮೋತಿಯ ತಲೆ ಸವರುತ್ತಿದ್ದರು. ನಾನು ಹೋಗಿ ಕೈಕೊಟ್ಟೆ. ಅತ್ತೆಗೆ ಕೇಳಿಸದಂತೆ ಹೇಳಿದರು: "ಅಗಳಿ ಹಾಕೂದು ನೀ ಮರತಿದ್ದಿ ಅಂತ ನನಗ ಅವತ್ತ ಗೊತ್ತಾಗಿತ್ತು ಯವ್ವಾ. ನಾಕ್ ದಿನಾತು, ನೀ ಸರಿಯಾಗಿ ಉಂಡಿಲ್ಲ. ಒಳಗ ಹೋಗು, ಮೊದಲ ಊಟಾ ಮಾಡು."

ನಾನು ಉಂಡಿಲ್ಲವೆಂಬುದು ಆ ಮನೆಯಲ್ಲಿ ಬೇರಾರಿಗೂ ಗೊತ್ತಿರಲಿಲ್ಲ, ನನ್ನ ಗಂಡನಿಗೂ. ಅವರ ಮಣ್ಣಾದ ಕೈ ಹಿಡಿದುಕೊಂಡೇ ಗೊಳೋ ಎಂದು ಅತ್ತುಬಿಟ್ಟೆ.