ಸೊಸೆಯ ಖಾರ, ನನ್ನ ಅನ್ನನಾಳ

ಮೈಯಲ್ಲಿ ಎಲ್ಲಾದರೂ ನೋವು ಕಾಣಿಸಿಕೊಂಡರೆ ಮನೆಯ ಹಿರಿಯನಾದವನು ಮೊದಲು ಮಾಡುವ ಕೆಲಸ ಅಪರಾಧಿಯನ್ನು ಹುಡುಕುವುದು. ಔಷಧ ಆಮೇಲೆ. ನನಗೆ ಅಪರಾಧಿ ಮನೆಯೊಳಗೇ ಸಿಕ್ಕಿದ್ದಳು, ಸೊಸೆ ರೇಣುಕಾ. ಆ ಸುಲಭದ ತನಿಖೆಗಾಗಿ ಈಗ ಪಶ್ಚಾತ್ತಾಪ ಪಡುತ್ತಿದ್ದೇನೆ.

ಸವಣೂರಿನಲ್ಲಿ ನಮ್ಮದೊಂದು ಸಣ್ಣ ಎಲೆತೋಟವಿದೆ. ವೀಳ್ಯದೆಲೆ ಬೆಳೆಯುವವನ ಬಾಯಿ ಖಾಲಿ ಇದ್ದರೆ ಬೆಳೆಗೇ ಅವಮಾನವೆಂದು ನಂಬಿ ಮೀಸೆ ಮೂಡಿದಾಗಿನಿಂದ ಜಗಿಯುತ್ತಾ ಬಂದವನು ನಾನು. ಈ ಸಲದ ಮಳೆಗಾಲ ಮುಗಿಯುವ ಹೊತ್ತಿಗೆ, ನುಂಗಿದ ತುತ್ತು ಎದೆಯ ನಡುವೆ ನಿಂತು ಇಳಿಯಲೋ ಬೇಡವೋ ಎಂದು ಯೋಚಿಸತೊಡಗಿತು. ರೊಟ್ಟಿಯ ಚೂರು ಇಳಿದರೆ ಒಳಗೆ ಯಾರೋ ಕೆಂಡ ಎಳೆದ ಹಾಗೆ. ಬಿಸಿ ಚಹಾ ತಾನು ಎಲ್ಲಿಯವರೆಗೆ ಬಂದೆನೆಂದು ದಾರಿಯುದ್ದಕ್ಕೂ ವರದಿ ಕೊಡುತ್ತಿತ್ತು. ಹೃದಯವೇ ಕೈಕೊಟ್ಟಿತೆಂದು ಇಸಿಜಿ ಮಾಡಿಸಿದರೆ ಹೃದಯ ನೆಟ್ಟಗಿತ್ತು. ಅಷ್ಟು ದೊಡ್ಡ ರೋಗ ತಪ್ಪಿಹೋದದ್ದಕ್ಕೆ ಕೊಂಚ ನಿರಾಸೆಯೂ ಆಯಿತೆಂದರೆ ನೀವು ನಗಬಾರದು.

ರೇಣುಕಾ ಚಿಕ್ಕೇರೂರಿನ ಹುಡುಗಿ. ಅವಳು ಕಲ್ಲಿನ ಮೇಲೆ ಅರೆಯುವ ಕೆಂಪು ಚಟ್ನಿಗೆ ಓಣಿಯವರು ಬಟ್ಟಲು ಹಿಡಿದು ಬರುತ್ತಾರೆ. ನಾನು ಎಲೆ ಪೇಟೆಯಲ್ಲಿ ಹತ್ತು ಜನರ ಮುಂದೆ ತೀರ್ಪು ಕೊಟ್ಟುಬಿಟ್ಟೆ: "ಸೊಸಿ ಖಾರ ನನ್ನ ಎದಿ ಸುಟ್ಟ ಬಿಟ್ಟೈತಿ!"

ಎಲೆ ವ್ಯಾಪಾರದ ಗೆಳೆಯ ಖಾದರಸಾಬ ಹುಬ್ಬು ಏರಿಸಿದ. "ಅದ ಚಟ್ನಿ ನಮ್ಮ ಮನಿಗೂ ಬರತೈತಲ್ಲೋ ಬಸಣ್ಣ, ನಮಗ್ಯಾಕ ಏನೂ ಆಗಿಲ್ಲ?"

"ನಿಂದು ಗಂಟಲಲ್ಲ ಮಾರಾಯ, ತಗಡು," ಎಂದೆ. ಎಲ್ಲರೂ ನಕ್ಕರು. ನನಗೆ ಹೆಮ್ಮೆ.

ನಾನು ಮನೆ ಮುಟ್ಟುವ ಮೊದಲೇ ಮಾತು ಮುಟ್ಟಿತ್ತು. ರೇಣುಕಾ ಕಲ್ಲು ತೊಳೆದು ಗೋಡೆಗೆ ಆನಿಸಿಟ್ಟು ಅತ್ತೆಗೆ ಹೇಳುತ್ತಿದ್ದಳು: "ಇನ್ನ ಅಡಗಿ ನೀವ ಮಾಡ್ರಿ ಅತ್ತಿ. ಮಾವನ್ನ ಸುಟ್ಟಾಕಿ ಇಕಿ ಅಂತ ಊರಾಗ ಹೆಸರಾತು ನನಗ."

ಅಂದಿನಿಂದ ಮನೆಗೆಲ್ಲ ಸಪ್ಪೆ ಊಟ. ಮಗ ಸಂಜೆಯಾದರೆ ಮಿರ್ಚಿ ಗಾಡಿಯ ಕಡೆ ಜಾರತೊಡಗಿದ. ಬಟ್ಟಲು ತಂದವರು ಬಟ್ಟಲನ್ನೇ ನೋಡಿಕೊಳ್ಳುತ್ತಾ ಹಿಂದಿರುಗಿದರು. "ಬ್ಯಾನಿ ನಿಮಗ, ಪಥ್ಯ ನಮಗ," ಎಂದು ಹೆಂಡತಿ ಗೌರವ್ವ ತಟ್ಟೆ ಕುಕ್ಕಿದಳು. ರೇಣುಕಾ ಮಾತ್ರ ನನ್ನ ಜೊತೆ ಅಗತ್ಯಕ್ಕಿಂತ ಹೆಚ್ಚು ಮರ್ಯಾದೆಯಿಂದ ಮಾತಾಡತೊಡಗಿದಳು. ಅದನ್ನು ತಡೆಯುವುದು ಉರಿಗಿಂತ ಕಷ್ಟ. ಇಷ್ಟಾಗಿಯೂ ಉರಿ ಎಳ್ಳಷ್ಟೂ ಇಳಿಯಲಿಲ್ಲ. ಅಪರಾಧಿ ಜೈಲಿನಲ್ಲಿದ್ದಾಳೆ, ಕಳ್ಳತನ ನಡೆದೇ ಇದೆ!

ಕೊನೆಗೆ ಗೌರವ್ವ ನನ್ನನ್ನು ಹಾವೇರಿಗೆ ಕರೆದೊಯ್ದಳು. ಅವಳನ್ನು ಹೊರಗೆ ಕೂರಿಸಿ, ನನ್ನ ಗಂಟಲಿಗೆ ಜೋಮು ಹಿಡಿಸುವ ಔಷಧ ಹೊಡೆದು, ತುದಿಯಲ್ಲಿ ದೀಪವಿದ್ದ ನಳಿಗೆ ಇಳಿಸಿದರು. ಎಂಡೋಸ್ಕೋಪಿ ಅಂತೆ. ಡಾಕ್ಟರಮ್ಮ ಪರದೆಯ ಮೇಲೆ ತೋರಿಸಿದಳು. ಅನ್ನನಾಳದ ನಡುಭಾಗ ಊದಿಕೊಂಡು, ಒಂದು ಕಡೆ ಹುಣ್ಣಾಗಿತ್ತು. ನಳಿಗೆ ಹೊರತೆಗೆದ ಮೇಲೆ ಕೇಳಿದಳು:

"ಗುಳಿಗಿ ಏನರ ತಗೋತೀರೇನ್ರಿ ಅಜ್ಜಾರ?"

"ಮಣಕಾಲ ನೋವಿಗೆ ಒಂದ ತಗೋತೇನ್ರಿ. ಊಟ ಆದ ಮ್ಯಾಲೆ."

"ಹೆಂಗ ತಗೋತೀರಿ?"

"ಕಹಿ ಇರತೈತಲ್ರಿ. ಎಳೀ ಎಲಿಯೊಳಗ ಸುತ್ತಿ ನುಂಗಿಬಿಡ್ತೇನಿ."

"ನೀರು?"

"ನೀರು ಕುಡದ್ರ ಬಾಯಾಗಿನ ಎಲಿ ರುಚಿ ಹೋಗತೈತ್ರಿ."

"ಆಮ್ಯಾಲ?"

"ಆಮ್ಯಾಲೇನು, ಹಂಗ ಅಡ್ಡ ಆಗ್ತೇನಿ."

ಆಕೆ ಹಣೆ ಒತ್ತಿಕೊಂಡಳು. ಗುಳಿಗೆ ಹೊಟ್ಟೆ ಸೇರದೆ ದಾರಿಯಲ್ಲೇ ಅಂಟಿ, ಕರಗಿ, ಅಲ್ಲಿನ ಚರ್ಮ ಸುಟ್ಟಿದೆ. ಉಂಡ ಕೂಡಲೇ ಮಲಗುವುದರಿಂದ ಹೊಟ್ಟೆಯ ಹುಳಿಯೂ ಮೇಲೇರಿ ಕೈಜೋಡಿಸಿದೆ ಎಂದಳು. "ಹಂಗಾರ ಖಾರದ್ದೇನೂ ತಪ್ಪಿಲ್ಲೇನ್ರಿ?" ಎಂದೆ, ಇರಲಿ ಎಂಬ ಆಸೆಯಿಂದ. "ಹುಣ್ಣಿನ ಮ್ಯಾಲೆ ಖಾರ ಬಿದ್ರ ಉರಿತೈತಿ. ಆದ್ರ ಹುಣ್ಣು ಮಾಡಿದ್ದು ಖಾರಲ್ಲ, ನೀವು," ಎಂದಳು. ಆ ಗುಳಿಗೆ ನಿಲ್ಲಿಸಿ ಬೇರೆ ಔಷಧ ಬರೆದಳು. ಮಾಯುವ ತನಕ ನನಗೆ ಸಪ್ಪೆ. ಯಾವ ಗುಳಿಗೆಯಾದರೂ ತುಂಬಿದ ಲೋಟ ನೀರಿನ ಜೊತೆ, ಆಮೇಲೆ ಅರ್ಧ ತಾಸು ನೆಟ್ಟಗೆ ಕೂರಬೇಕು.

ಬಸ್ಸಿನಲ್ಲಿ ಗೌರವ್ವ ಕೇಳಿದಾಗಲೆಲ್ಲ ಗಂಟಲು ತೋರಿಸಿ, ಜೋಮು ಎಂದು ಕೈಸನ್ನೆ ಮಾಡಿದೆ. ಜೋಮು ಯಾವಾಗಲೋ ಬಿಟ್ಟಿತ್ತು. ಖಾರದ್ದೇ ತಪ್ಪೆಂದು ಹೇಳಿಬಿಟ್ಟರೆ ಯಾರಿಗೆ ತಿಳಿದೀತು ಎಂದು ಲೆಕ್ಕ ಹಾಕುತ್ತಿದ್ದೆ. "ಇಷ್ಟ ಸುಖದ ಪ್ರಯಾಣ ನಿಮ್ಮ ಜೋಡಿ ಎಂದೂ ಮಾಡಿಲ್ಲ ಬಿಡ್ರಿ," ಎಂದಳು ಅವಳು.

ಬಾಗಿಲಲ್ಲೇ ರೇಣುಕಾ ನಿಂತಿದ್ದಳು. ಆ ಹಾಳು ಮರ್ಯಾದೆ ಎಲ್ಲಿ ಹೋಗಿತ್ತೋ, ಮುಖದಲ್ಲಿ ಬರೀ ಗಾಬರಿ. "ಹೆಂಗೈತ್ರಿ ಮಾವಾರ? ಖರೇನ ನನ್ನ ಖಾರದ್ದ ಏನ್ರಿ?"

ಲೆಕ್ಕವೆಲ್ಲ ತಪ್ಪಿತು. ಗುಳಿಗೆ, ಎಲೆ, ನಿದ್ದೆ ಎಲ್ಲ ಒಪ್ಪಿಕೊಂಡೆ. ಅವಳು ಪೂರ್ತಿ ಕೇಳಿಸಿಕೊಂಡು, ಸೆರಗಿನಿಂದ ಕಣ್ಣೊರೆಸಿಕೊಂಡು ಹೇಳಿದಳು: "ಮಂದ್ಯಾಗ ಅಂದೀರಿ, ಮಂದ್ಯಾಗ ಹೇಳ್ರಿ. ಆಮ್ಯಾಲ ಕಲ್ಲು ಮುಟ್ಟತೇನಿ."

ಮರುದಿನ ಎಲೆ ಪೇಟೆಯಲ್ಲಿ ಹೇಳಿದೆ. ಖಾದರಸಾಬ ನನ್ನ ಬೆನ್ನು ತಟ್ಟಿ, "ಹೋಗ್ಲಿ ಬಿಡೋ ಬಸಣ್ಣ, ನಿಂದು ತಗಡಲ್ಲ ಅಂತ ಖಾತ್ರಿ ಆತಲ್ಲ," ಎಂದ. ಕಲ್ಲು ಮತ್ತೆ ಸದ್ದು ಮಾಡಿತು. ಬಟ್ಟಲುಗಳು ಬಂದವು. ಈಗ ಎಲ್ಲರ ತಟ್ಟೆ ಕೆಂಪು, ನನ್ನದೊಂದು ಬಿಳಿ.

ಮಧ್ಯಾಹ್ನ ಉಂಡ ಮೇಲೆ ರೇಣುಕಾ ಗುಳಿಗೆ, ತುಂಬಿದ ಲೋಟ ಕೊಟ್ಟು ನನ್ನನ್ನು ಮುಂದಿನ ಕಟ್ಟೆಯ ಮೇಲೆ ನೆಟ್ಟಗೆ ಕೂರಿಸುತ್ತಾಳೆ. ಚಟ್ನಿಗೆ ಬಂದವರೆಲ್ಲ, "ಯಾಕ್ರಿ ಬಸಣ್ಣಾರ, ಮಲಗಲಿಲ್ಲೇನು?" ಎಂದು ಕೇಳಿಯೇ ಕೇಳುತ್ತಾರೆ. ನಾನು ಮಾತು ತೇಲಿಸಲು ನೋಡಿದರೆ ಒಳಗಿನಿಂದ ಕಲ್ಲಿನ ಸದ್ದು ನಿಲ್ಲುತ್ತದೆ. "ಹೇಳ್ರಿ ಮಾವಾರ," ಎನ್ನುತ್ತಾಳೆ. ಹೇಳುತ್ತೇನೆ. ಸದ್ದು ಮುಂದುವರಿಯುತ್ತದೆ. ಇವತ್ತು ಯಾರೂ ಬಂದಿಲ್ಲ. ಕಲ್ಲಿನ ಸದ್ದು ನಿಂತು ಆಗಲೇ ಸ್ವಲ್ಪ ಹೊತ್ತಾಯಿತು. ಅದಕ್ಕೇ ನಿಮಗೆ ಹೇಳುತ್ತಿದ್ದೇನೆ.